ಬೀಡಿಗೆ ಬೇರೆ ಕಡ್ಡಿ

ನಮ್ಮ ಮನೆಯ ಎದುರಿನ ಖಾಲಿ ಜಾಗದಲ್ಲಿ ಈಗೊಂದು ಮನೆ ಏಳುತ್ತಿದೆ. ಹಾನಗಲ್ಲಿನಂಥ ಊರಲ್ಲಿ ಯಾರಾದರೂ ಮನೆ ಕಟ್ಟಿಸಲು ಹಿಡಿದರೆ ಓಣಿಯವರಿಗೆಲ್ಲ ಕೈತುಂಬ ಕೆಲಸ. ಬುನಾದಿ ಎಷ್ಟು ಆಳ ಇರಬೇಕು, ಬಾಗಿಲು ಯಾವ ದಿಕ್ಕಿಗೆ ಬರಬೇಕು ಎಂದು ದಾರಿಯಲ್ಲಿ ಹೋಗುವವರೂ ನಿಂತು ಹೇಳಿ ಹೋಗುತ್ತಾರೆ. ನಾನೂ ಹೇಳಿದ್ದೇನೆ. ಯಾರೂ ಕೇಳಲಿಲ್ಲ, ಅದು ಬೇರೆ ಮಾತು. ಹೋದ ವಾರ ಕಿಟಕಿಯ ಗ್ರಿಲ್ ಕೂಡಿಸಲು ವೆಲ್ಡಿಂಗಿನವನು ಬಂದ. ನನಗೆ ರಜೆಯಿತ್ತು, ಪಡಸಾಲೆಯಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದೆ. ಚರ್ರೆಂದು ಸದ್ದಾಯಿತು, ಅದರ ಬೆನ್ನಿಗೇ ಆ ವಾಸನೆ ಒಳಗೆ ಬಂತು. ಹೆಂಡತಿ ಮೂಗಿಗೆ ಸೆರಗು ಹಿಡಿದು ಕಿಟಕಿ ಮುಚ್ಚಿದಳು. ನಾನು ತಟ್ಟೆ ಕೆಳಗಿಟ್ಟು ಎದ್ದು ಹೋಗಿ ತೆರೆದೆ.

"ಏನಾಗೇತಿ ನಿಮಗ? ಆ ಹೊಗಿ ಕುಡೀಬೇಕೇನು?" ಅಂದಳು.

ಆ ವಾಸನೆ ಕಬ್ಬಿಣದ್ದು ಎಂದು ನೀವು ತಿಳಿದಿರಬಹುದು, ನಾನೂ ಬಹಳ ದಿನ ಹಾಗೇ ತಿಳಿದಿದ್ದೆ. ಅದು ಕಬ್ಬಿಣದ್ದಲ್ಲ. ಬೆಸೆಯುವ ಕಡ್ಡಿಯ ಮೈಗೆ ಬೂದಿಬಣ್ಣದ ಒಂದು ಲೇಪ ಇರುತ್ತದೆ, ಕೆಲಸಗಾರರು ಅದನ್ನು ಮಸಾಲಿ ಅನ್ನುತ್ತಾರೆ. ಅದು ಸುಡುವ ವಾಸನೆ. ಒಂದೊಂದು ಕಡ್ಡಿಯ ಮಸಾಲಿ ಒಂದೊಂದು ತರಹ ನಾರುತ್ತದೆ. ಹೀಗಂತ ನನಗೆ ಹೇಳಿಕೊಟ್ಟವರು ನನ್ನ ಅಕ್ಕನ ಗಂಡ, ಚನ್ನಬಸಪ್ಪ ಮಾಮಾ. ಅವರು ಹೋಗಿ ವರ್ಷಗಳಾದವು. ಕಿಟಕಿಯ ಬಳಿ ನಿಂತು ಆ ಹೊಗೆಯನ್ನು ಮೂಗಿಗೆ ಎಳೆದುಕೊಂಡಾಗ ಅವರು ಅಲ್ಲೇ ಹಿಂದೆ ನಿಂತು ಕೆಮ್ಮಿದ ಹಾಗಾಯಿತು.

ನಾನು ಬಸ್ ಕಂಡಕ್ಟರ್. ಸುಮ್ಮನೆ ಬಸ್ಸಿನಲ್ಲಿ ನಿಂತು ಅರ್ಧ ಆಯುಷ್ಯ ಕಳೆದವನಿಗೆ ಕಬ್ಬಿಣದ ಬಗ್ಗೆ ಬರೆಯುವ ಅಧಿಕಾರ ಎಲ್ಲಿಯದು ಎಂದು ನೀವು ಕೇಳಿದರೆ ತಪ್ಪಿಲ್ಲ. ಆದರೆ ಹಾನಗಲ್ಲಿನಿಂದ ಬಂಕಾಪುರದ ಮೇಲೆ ಸವಣೂರಿಗೆ ಹೋಗುವ ಬಸ್ಸಿನಲ್ಲಿ ಬಹಳ ಕಾಲ ನನ್ನ ಪಾಳಿ ಇತ್ತು, ಸವಣೂರಿನಲ್ಲಿ ಅಕ್ಕನ ಮನೆ ಇತ್ತು. ಬಸ್ಸು ನಿಂತ ಹೊತ್ತಿನಲ್ಲಿ ಚಹಾ ಕುಡಿಯಲು ನಾನು ಹೋಟೆಲಿಗೆ ಹೋಗದೆ ಮಾಮಾನ ಅಂಗಡಿಗೆ ಹೋಗುತ್ತಿದ್ದೆ. ನನ್ನ ಲೋಹವಿದ್ಯೆಯೆಲ್ಲ ಆ ಚಹಾದ ಜೊತೆಗೆ ಬಂದದ್ದು.

ನಾವು ಆಡೂರಿನವರು. ಅಕ್ಕ ಗಿರಿಜಾ ನನಗಿಂತ ಸಾಕಷ್ಟು ದೊಡ್ಡವಳು, ಅವ್ವನಿಗಿಂತ ಹೆಚ್ಚು ನನ್ನನ್ನು ಹೊಡೆದವಳು ಅವಳೇ. ಮಾಮಾ ತಡಸದ ಕಡೆಯವರು. ಹೊಲಮನಿ ಇದ್ದ ಮನೆತನ, ಆದರೆ ಇವರ ಮನಸ್ಸು ಮಣ್ಣಿನಲ್ಲಿ ನಿಲ್ಲಲಿಲ್ಲ. ಶಿಗ್ಗಾವಿಯ ಹೆದ್ದಾರಿಯ ಪಕ್ಕದ ಗ್ಯಾರೇಜಿನಲ್ಲಿ ಲಾರಿಗಳ ಅಡಿಗೆ ಮಲಗಿ ಚಾಸಿ ಬೆಸೆಯುವುದನ್ನು ಕಲಿತು, ಆಮೇಲೆ ಸವಣೂರಿನ ಹೊರಗೆ ರಸ್ತೆಗೆ ಹತ್ತಿ ತಗಡಿನ ಶೆಡ್ಡು ಹಾಕಿದರು. ಮೇಲೆ ಹೆಸರಿನ ಹಲಗೆ ಇರಲಿಲ್ಲ. "ಕಿಡಿ ಕಂಡ್ರ ಬರ್ತಾರ, ಹಲಗಿ ಯಾಕ ಬೇಕು?" ಅನ್ನುತ್ತಿದ್ದರು.

ಅಕ್ಕನ ಮದುವೆಯಾದ ಹೊಸದರಲ್ಲಿ ಒಮ್ಮೆ ನಾನು ಹೋದಾಗ ಅವರು ನೀರೆತ್ತುವ ಪಂಪಿನ ಒಡೆದ ಮೈಯೊಂದನ್ನು ಮುಂದಿಟ್ಟುಕೊಂಡಿದ್ದರು. ಮುಖ ಎತ್ತದೆಯೇ, "ತಮ್ಮಾ, ಬೀಡಿಗೆ ಹಚ್ಚೋ ಕಡ್ಡಿ ತಗೊಂಡ ಬಾ," ಅಂದರು. ಹೊಸ ಮಾಮಾ ಹೇಳಿದ ಮೊದಲ ಕೆಲಸ. ನಾನು ಓಡಿಹೋಗಿ ಎದುರಿನ ಪಾನ್ ಅಂಗಡಿಯಿಂದ ಒಂದು ಕಡ್ಡಿಪೆಟ್ಟಿಗೆ ತಂದುಕೊಟ್ಟೆ. ಬೀಡಿಯೂ ಬೇಕಾದೀತೆಂದು ಒಂದು ಕಟ್ಟು ಬೀಡಿಯನ್ನೂ ತಂದಿದ್ದೆ. ಅವರು ಅದನ್ನೂ ನನ್ನನ್ನೂ ನೋಡಿ, ಬೆಸೆಯುವಾಗ ಮುಖಕ್ಕೆ ಹಿಡಿಯುವ ಕಪ್ಪು ಗಾಜು ಕೆಳಗಿಟ್ಟು ನಕ್ಕದ್ದು ಹೇಗೆಂದರೆ ಅಕ್ಕ ಶೆಡ್ಡಿನ ಹಿಂದಿನ ಮನೆಯಿಂದ ಗಾಬರಿಯಾಗಿ ಓಡಿಬಂದಳು. ಎರಕ ಹೊಯ್ದ ಕಬ್ಬಿಣಕ್ಕೆ ನಮ್ಮ ಕಡೆ ಬೀಡು ಅನ್ನುತ್ತಾರೆಂದು ನನಗೆ ಗೊತ್ತಾದದ್ದು ಅವತ್ತು.

ನಗು ಮುಗಿದ ಮೇಲೆ ಅವರು ನನ್ನನ್ನು ಕೂರಿಸಿಕೊಂಡು ಹೇಳಿದರು. "ಎಲ್ಲಾ ಕಬ್ಬಿಣ ಒಂದ ಅಂತ ತಿಳೀಬ್ಯಾಡ. ಕಿಟಕಿ, ಗೇಟು, ಮಂಚ, ಇವಕ್ಕ ಸಾದಾ ಕಡ್ಡಿ ನಡೀತೈತಿ. ಟ್ರೇಲರಿಗೆ ಭಾರ ಬೀಳ್ತೈತಿ, ಅದಕ್ಕ ಬ್ಯಾರೆ ಗಟ್ಟಿ ಕಡ್ಡಿ. ಸ್ಟೀಲಿಗೆ ಸ್ಟೀಲಿಂದ ಬೇಕು, ಇಲ್ಲಂದ್ರ ಜಂಗ ಹಿಡಿದು ಹೋಗ್ತೈತಿ. ಬೀಡಿಗೆ ಮಾತ್ರ ನಿಕ್ಕಲ್ ಕಡ್ಡಿ. ಸಾದಾ ಕಡ್ಡಿ ಹಚ್ಚಿದ್ರ ಹತ್ತಿದಂಗ ಕಾಣ್ತೈತಿ, ಆರಿದಮ್ಯಾಲ ಬಿರೀತೈತಿ."

ಬೀಡನ್ನು ಬೆಸೆಯುವುದನ್ನು ನೋಡಲು ತಾಳ್ಮೆ ಬೇಕು. ಒಂದು ಬೆರಳಗಲ ಬೆಸೆಯುವುದು, ನಿಲ್ಲಿಸುವುದು, ಸಣ್ಣ ಸುತ್ತಿಗೆಯಿಂದ ಅದರ ಮೇಲೆ ಹಗುರಾಗಿ ತಟ್ಟುವುದು, ಆರಿಸಿ ಮತ್ತೆ ಬೆರಳಗಲ. ಎಲ್ಲ ಮುಗಿದ ಮೇಲೆ ಒಲೆಯ ಬೂದಿಯಲ್ಲಿ ಹೂತಿಟ್ಟು ತಾನಾಗಿ ತಣ್ಣಗಾಗಲು ಬಿಡುವುದು. ಅವಸರ ಮಾಡಿದರೆ ಅದು ಸೀಳುತ್ತದೆ, ಸೀಳುವಾಗ ಟಿಣ್ ಎಂದು ಒಂದು ಸದ್ದು ಮಾಡುತ್ತದೆ. "ಆ ಸದ್ದು ಕೇಳಿದ್ರ ಮುಗೀತು. ಕಣ್ಣಿಗೆ ಬಿರುಕು ಕಾಣಲಿ ಬಿಡಲಿ, ಒಳಗ ಹರಿದಿರ್ತೈತಿ," ಅನ್ನುತ್ತಿದ್ದರು.

ಗಟ್ಟಿ ಕಡ್ಡಿಗಳನ್ನು ಹುಬ್ಬಳ್ಳಿಯಿಂದ ತರಬೇಕಿತ್ತು. ಆ ಕಡೆ ಪಾಳಿ ಬಿದ್ದಾಗ ನಾನೇ ತಂದುಕೊಡುತ್ತಿದ್ದೆ, ನನ್ನ ಸೀಟಿನ ಕೆಳಗೆ ಗೋಣಿಚೀಲದಲ್ಲಿ ಸುತ್ತಿ. ತೇವ ತಗಲಿದರೆ ಅವು ಕೆಡುತ್ತವೆ. ಮಳೆಗಾಲದಲ್ಲಿ ಮಾಮಾ ಒಂದು ಹಳೆಯ ತಗಡಿನ ಡಬ್ಬಿಯಲ್ಲಿ ಬಲ್ಬು ಹಚ್ಚಿಟ್ಟು ಅದರೊಳಗೆ ಕಡ್ಡಿಗಳನ್ನು ಜೋಡಿಸಿಡುತ್ತಿದ್ದರು, ಕೋಳಿಮರಿಗಳಿಗೆ ಶಾಖ ಕೊಟ್ಟ ಹಾಗೆ. ನಮ್ಮ ಬಸ್ಸಿನ ಮೇಲ್ಛಾವಣಿ ಸೋರುತ್ತದೆಂಬುದು ಅವರಿಗೆ ಗೊತ್ತಿತ್ತು. ನಾನು ಚೀಲ ಇಳಿಸಿದ ಕೂಡಲೇ, "ಕಂಡಕ್ಟರ್ ಸಾಹೇಬ್ರ, ಇವು ಬಸ್ಸಿನ್ಯಾಗ ಬಂದಾವೋ, ಕೆರಿಯಾಗ ಬಂದಾವೋ?" ಎಂದು ಕೇಳುವುದು ಅವರ ವಾಡಿಕೆ.

ಅಂಥ ಮಾತುಗಳು ಯಾವಾಗ ಕಡಿಮೆಯಾದವು ಎಂದು ನೆನಪು ಮಾಡಿಕೊಂಡರೆ ಕಣ್ಣಿನ ಸುದ್ದಿ ಬರುತ್ತದೆ. ಬೆಸುಗೆಯ ಕೆಲಸದವರಿಗೆ ಕಣ್ಣು ಕೆಂಪಾಗುವುದು, ಉಸುಕು ಬಿದ್ದಂತೆ ಚುಚ್ಚುವುದು ಹೊಸದಲ್ಲ. ಆಲೂಗಡ್ಡೆ ಹೆರೆದು ಕಟ್ಟಿಕೊಂಡು ಮಲಗಿದರೆ ಬೆಳಗಾಗುವುದರೊಳಗೆ ಸರಿಹೋಗುತ್ತದೆಂದು ಅವರು ನಂಬಿದ್ದರು. ಇದು ಹಾಗಿರಲಿಲ್ಲ. ನೋವಿಲ್ಲ, ಕೆಂಪಿಲ್ಲ, ಬದಿಗಿಟ್ಟ ಸಾಮಾನಿಗೆ ಎಡವತೊಡಗಿದರು. ಪಕ್ಕದಲ್ಲಿ ನಾನು ಬಂದು ನಿಂತರೆ ಗೊತ್ತಾಗುತ್ತಿರಲಿಲ್ಲ, ಮಾತಾಡಿಸಿದರೆ ಬೆಚ್ಚುತ್ತಿದ್ದರು. ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಒಣಗಿದೆ, ಹೋದದ್ದು ತಿರುಗಿ ಬರುವುದಿಲ್ಲ ಎಂದರು. ಇದು ಬೆಸುಗೆಯ ಬೆಳಕಿನಿಂದ ಆದದ್ದಲ್ಲವೆಂದೂ ಹೇಳಿದರು. ಊರವರು ಅದನ್ನು ಒಪ್ಪಲಿಲ್ಲ. ಇದ್ದ ಸ್ವಲ್ಪ ದೃಷ್ಟಿಯೂ ಮುಂದಿನ ಬೇಸಿಗೆಯ ಹೊತ್ತಿಗೆ ಹೋಯಿತು.

ಶೆಡ್ಡು ಮಾರುವ ಮಾತು ಬಂತು. ಮಗಳೊಬ್ಬಳು, ಅವಳನ್ನು ಹಿರೇಕೆರೂರಿಗೆ ಕೊಟ್ಟಿತ್ತು. ಅವಳೂ ಅಳಿಯನೂ ಬಂದು ಇಬ್ಬರನ್ನೂ ತಮ್ಮಲ್ಲಿಗೆ ಬಂದಿರಲು ಕರೆದರು. ಮಾಮಾ ಗೋಡೆಗೆ ಒರಗಿ ಕೂತುಬಿಟ್ಟರು. ಅಕ್ಕ ಒಳಗೆ ಹೋಗಿ ಮಾಮಾನ ಹಳೆಯ ಅಂಗಿಯೊಂದನ್ನು ಸೀರೆಯ ಮೇಲೆ ಹಾಕಿಕೊಂಡು, ಸೆರಗನ್ನು ಬಿಗಿಯಾಗಿ ಸಿಕ್ಕಿಸಿ ಬಂದು ನಿಂತಳು.

"ನಾ ಹಿಡೀತೇನಿ. ನೀವು ಹೇಳ್ರಿ," ಅಂದಳು.

"ಹುಚ್ಚಿ, ಕೈ ಸುಟ್ಟುಕೊಂತಿ," ಅಂದರು ಮಾಮಾ.

"ರೊಟ್ಟಿ ಬಡಿಯೋ ಕೈ ಇವು. ಸುಟ್ಟು ಸುಟ್ಟು ರೂಢಿ ಆಗೇತಿ."

ಹೀಗೆ ಶುರುವಾಯಿತು. ಅಕ್ಕ ಕಡ್ಡಿ ಸಿಕ್ಕಿಸಿದ ಹೋಲ್ಡರ್ ಹಿಡಿದು ಬೆಸೆಯುವುದು, ಪಕ್ಕದಲ್ಲಿ ಮಾಮಾ ಕೂತು ಕೇಳುವುದು. ಹೌದು, ಕೇಳುವುದು. ಕಿಡಿ ಸರಿಯಾಗಿ ಹತ್ತಿದರೆ ಬಾಣಲೆಯಲ್ಲಿ ಮಿರ್ಚಿ ಕರಿದ ಹಾಗೆ ಒಂದೇ ಸಮನೆ ಸದ್ದು ಬರುತ್ತದೆ. ಕಡ್ಡಿ ದೂರ ಆದರೆ ಊದಿದ ಹಾಗೆ, ಹತ್ತಿರ ಆದರೆ ಗಂಟಲು ಕಟ್ಟಿದ ಹಾಗೆ, ಕಡ್ಡಿಯೇ ತಪ್ಪಿದ್ದರೆ ಚಟಚಟ ಸಿಡಿಯುತ್ತದೆ. ಇದೆಲ್ಲ ಅವರು ಹೇಳಿದ್ದು; ನನ್ನ ಕಿವಿಗೆ ಎಲ್ಲವೂ ಒಂದೇ ಚರ್ರ್. ಸೀಟಿ ಮತ್ತು ಚಿಲ್ಲರೆ, ಇವೆರಡರ ಸದ್ದು ಬಿಟ್ಟರೆ ಬೇರೆಯದನ್ನು ಗುರುತಿಸುವ ಶಕ್ತಿ ನನ್ನ ಕಿವಿಗೆ ಎಂದೂ ಇರಲಿಲ್ಲ. ಮಾಮಾ ಮಾತ್ರ ಕೂತಲ್ಲಿಂದಲೇ "ಸ್ವಲ್ಪ ಎತ್ತು... ಹಾಂ, ಈಗ ನಡಿ," ಅನ್ನುತ್ತಿದ್ದರು. ಲೋಹ ಯಾವುದೆಂದು ತಿಳಿಯದಿದ್ದರೆ ಅಕ್ಕ ತಿರುಗುವ ಸಾಣೆಗೆ ಅದನ್ನು ಮುಟ್ಟಿಸುತ್ತಿದ್ದಳು. ಸಾದಾ ಕಬ್ಬಿಣದ ಕಿಡಿ ಉದ್ದ, ಹಳದಿ. ಬೀಡಿನ ಕಿಡಿ ಗಿಡ್ಡ, ಮಂಕು ಕೆಂಪು. ಅವಳು ಕಂಡದ್ದನ್ನು ಹೇಳಬೇಕು, ಅವರು ಕಡ್ಡಿ ಹೇಳಬೇಕು.

ಮೊದಮೊದಲು ಊರವರು ಹೆಣ್ಣುಮಗಳು ಬೆಸೆಯುವುದನ್ನು ನೋಡಲೆಂದೇ ನಿಲ್ಲುತ್ತಿದ್ದರು. ಆಮೇಲೆ ಕೆಲಸ ತಂದರು. ಆ ದಿನಗಳಲ್ಲಿ ಅವರಿಬ್ಬರೂ ಸುಖವಾಗಿದ್ದರು ಎಂದೇ ನನ್ನ ನೆನಪು. ಸುಖವಾಗಿದ್ದಾಗ ಯಾರೂ ಹೇಳಿಕೊಳ್ಳುವುದಿಲ್ಲವಲ್ಲ, ಆದ್ದರಿಂದ ಖಾತ್ರಿಯಾಗಿ ಹೇಳಲಾರೆ.

ಅಕ್ಕನ ಕೈ ಕುದುರಿತು, ತೊಂದರೆ ಅಲ್ಲಿಂದಲೇ ಬಂತು. ಅವಳಿಗೆ ತಿಳಿದಿದ್ದರೂ ಮಾಮಾ ಹೇಳುವುದನ್ನು ಬಿಡಲಿಲ್ಲ. ಬಂದವರೂ ಅಷ್ಟೇ, ಕೆಲಸ ಮಾಡುವವಳು ಎದುರಿಗೆ ನಿಂತಿದ್ದರೂ ಅವಳನ್ನು ದಾಟಿ, "ಏನಂತೀರಿ ಚನ್ನಬಸಣ್ಣ, ತಡೀತೈತೇನು?" ಎಂದು ಅವರನ್ನು ಕೇಳುತ್ತಿದ್ದರು. ಒಂದು ಮಧ್ಯಾಹ್ನ ನಾನೂ ಅಲ್ಲಿದ್ದೆ. ಎಲೆಬಳ್ಳಿ ತೋಟದವನೊಬ್ಬ ಪಂಪಿನ ಸ್ಟ್ಯಾಂಡು ತಂದಿದ್ದ. ಅಕ್ಕ ಬೆಸೆಯುತ್ತಿದ್ದಾಗ ಮಾಮಾ, "ಕೈ ನಡಗಾಕತ್ತೇತಿ, ನಿಲ್ಲಿಸು... ಕಡ್ಡಿ ಬದಲ ಮಾಡು... ಹಂಗಲ್ಲ," ಎಂದು ಹೇಳುತ್ತಲೇ ಇದ್ದರು. ತೋಟದವನು ನಕ್ಕು, "ಯಕ್ಕಾ, ಕಣ್ಣಿಲ್ಲದ ಮನಶಾನೇ ಇಷ್ಟ ನೋಡ್ತಾನಂದ್ರ, ನೀವೇನ ನೋಡಾಕತ್ತೀರಿ?" ಅಂದ.

ಅಕ್ಕ ಮುಖದ ಗಾಜು ಇಳಿಸಿದಳು. ಬೆವರಿನಲ್ಲಿ ಹಣೆಯ ವಿಭೂತಿ ಕರಗಿ ಹುಬ್ಬಿಗೆ ಇಳಿದಿತ್ತು. ತೋಟದವನ ಕಡೆ ನೋಡಲೇ ಇಲ್ಲ. ಹೋಲ್ಡರನ್ನು ಮಾಮಾನ ತೊಡೆಯ ಹತ್ತಿರ ಚಾಚಿ, "ಎಲ್ಲಾ ನಿಮಗ ತಿಳೀತೈತಿ ಅಂದ್ರ ನೀವ ಹಿಡೀರಿ ಇದನ್ನ. ಕಣ್ಣು ತರ್ರಿ, ಹಿಡೀರಿ," ಅಂದಳು.

ಅವಳು ಹಾಗೆ ಅನ್ನಬಾರದಿತ್ತು. ಅಂದ ಕ್ಷಣವೇ ಅದು ಅವಳಿಗೂ ತಿಳಿದದ್ದು ಅವಳ ಮುಖದಲ್ಲಿ ಕಂಡಿತು. ಮಾಮಾ ಏಳಲು ಹೋದರು, ಎಲ್ಲಿ ಹೋಗುವುದೆಂದು ತಿಳಿಯದೆ ಮತ್ತೆ ಕೂತರು. ನನಗೆ ಬಸ್ಸಿನ ಹೊತ್ತಾಗಿತ್ತು, ಅರ್ಧ ಚಹಾ ಬಿಟ್ಟು ಹೊರಟೆ. ಗಂಡ ಹೆಂಡತಿಯ ಮಾತು, ಸಂಜೆಗೆ ಸರಿಹೋಗುತ್ತದೆ ಎಂದುಕೊಂಡೆ.

ಸರಿಹೋಗಲಿಲ್ಲ. ಜಗಳ ಆಗಲಿಲ್ಲ, ಅದಕ್ಕೇ ಸರಿಹೋಗಲಿಲ್ಲವೇನೋ. ಮುಂದಿನ ಸಲ ಹೋದಾಗ ಮಾಮಾ ಅದೇ ಜಾಗದಲ್ಲಿ ಕೂತಿದ್ದರು, ನನ್ನ ಜೊತೆ ಮಳೆ ಬೆಳೆ ಎಲ್ಲ ಮಾತಾಡಿದರು. ಅಕ್ಕ ಬೆಸೆಯುವಾಗ ಮಾತ್ರ ಬಾಯಿ ಬಿಡಲಿಲ್ಲ. ಅವಳು ಒಮ್ಮೆ ತಾನಾಗಿ, "ಇದಕ್ಕ ಯಾವ್ದು ಹಚ್ಚಲಿ?" ಎಂದು ಕೇಳಿದಳು. "ನಿನಗ ತಿಳಿದದ್ದು ಹಚ್ಚು," ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚಲೋ ಇತ್ತು. ದಿನಗಳು ಹೀಗೇ ಹೋದವು, ಅವಳು ಕೇಳುವುದನ್ನು ಬಿಟ್ಟಳು.

ಗೋವಿನಜೋಳದ ಸುಗ್ಗಿ ಬಂತು. ಆ ಕಾಲದಲ್ಲಿ ತೆನೆ ಬಿಡಿಸುವ ರಾಶಿ ಮಷೀನುಗಳನ್ನು ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಕೆಲವರು ಊರೂರು ತಿರುಗುತ್ತಾರೆ. ಹಂಸಭಾವಿ ಕಡೆಯ ಫಕ್ಕೀರಪ್ಪ ಅಂಥವನು. ದೊಡ್ಡ ದನಿ, ದೊಡ್ಡ ನಗು. ಪ್ರತಿ ಸುಗ್ಗಿಯಲ್ಲಿ ಸವಣೂರಿನ ಸುತ್ತ ಬಂದಾಗ ಮಾಮಾನ ಅಂಗಡಿಯಲ್ಲಿಯೇ ರಿಪೇರಿ ಮಾಡಿಸುತ್ತಿದ್ದ. ಅವತ್ತು ಮಷೀನಿನ ಬೆಲ್ಟಿನ ಗಾಲಿಯನ್ನು ಹೆಗಲ ಮೇಲೆ ಹೊತ್ತು ತಂದ. ಅದರ ನಡುವಿನಿಂದ ಅಂಚಿಗೆ ಹೋಗುವ ಅರಗಳಲ್ಲಿ ಒಂದು ಬಿರಿದಿತ್ತು. ಹೊಲದಲ್ಲಿ ತೆನೆಯ ರಾಶಿ ಬಿದ್ದಿದೆ, ಮೇಲೆ ಮೋಡ ಕಟ್ಟಿದೆ, ಲಗೂನ ಮಾಡಿಕೊಡ್ರಿ ಅಂದ.

ಮುಂದಿನದನ್ನು ನಾನು ಕಂಡಿಲ್ಲ, ಅಕ್ಕ ಹೇಳಿದ್ದು. ಗಾಲಿಗೆ ದಪ್ಪ ಹಸಿರು ಬಣ್ಣ ಬಳಿದಿತ್ತು. ಹಿಂದೆ ಯಾರೋ ಅದೇ ಅರಕ್ಕೆ ಸಾದಾ ಕಬ್ಬಿಣದ ಪಟ್ಟಿಯೊಂದನ್ನು ಕೂಡಿಸಿ ಬಣ್ಣ ಹೊಡೆದಿದ್ದರು. ಅಕ್ಕ ಸಾಣೆ ಮುಟ್ಟಿಸಿದ್ದು ಆ ಪಟ್ಟಿಗೆ. ಉದ್ದನೆಯ ಹಳದಿ ಕಿಡಿ ಹಾರಿತು, ಸಾದಾ ಕಬ್ಬಿಣ ಎಂದುಕೊಂಡಳು. ಸಾದಾ ಕಡ್ಡಿ ಹಚ್ಚಿದಳು. ಫಕ್ಕೀರಪ್ಪ ಅಷ್ಟೊತ್ತು ಹೊರಗೆ ನಿಂತು ಯಾರ ಜೊತೆಗೋ ಫೋನಿನಲ್ಲಿ ಮಾತಾಡುತ್ತಿದ್ದ. ಬೆಸುಗೆ ನೋಡಲು ಚೆಂದವಾಗಿ ಬಂದಿತ್ತು. ಗಾಲಿ ತಣ್ಣಗಾದ ಮೇಲೆ ಅವನು ಅದನ್ನು ಮತ್ತೆ ಹೆಗಲಿಗೆ ಏರಿಸಿಕೊಂಡು ಹೋದ.

ಮರುದಿನ ಮಷೀನು ನಡೆದಿದ್ದಾಗ ಗಾಲಿ ಒಡೆಯಿತು. ಬೀಡು ಬಾಗುವುದಿಲ್ಲ, ಚೂರಾಗಿ ಹಾರುತ್ತದೆ. ತೆನೆ ನೂಕುತ್ತ ನಿಂತಿದ್ದ ಫಕ್ಕೀರಪ್ಪನ ಬಲಗೈಗೆ ಒಂದು ಚೂರು ಬಡಿಯಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹೆಬ್ಬೆರಳೊಂದನ್ನು ಬಿಟ್ಟು ಉಳಿದ ಬೆರಳುಗಳನ್ನು ತೆಗೆಯಬೇಕಾಯಿತು.

ನಾವು ಮೂವರೂ ನೋಡಲು ಹೋದೆವು. ಬಸ್ಸು ಶಿಗ್ಗಾವಿ ದಾಟುವಾಗ ಹೆದ್ದಾರಿಯ ಗ್ಯಾರೇಜುಗಳ ಸದ್ದು ಕೇಳಿ ಮಾಮಾ ಮುಖ ಆ ಕಡೆ ತಿರುಗಿಸಿದರು. ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ವಾರ್ಡಿನ ಬಾಗಿಲು ತೆರೆಯುವುದನ್ನು ಕಾಯುತ್ತ ಬೆಂಚಿನ ಮೇಲೆ ಕೂತಿದ್ದಾಗ ಅವರು ಕೈಚಾಚಿ ಅಕ್ಕನ ಮೊಣಕೈ ಹುಡುಕಿ ಹಿಡಿದರು.

"ಗಿರಿಜಾ, ಅದು ಬೀಡಿತ್ತು."

"ಈಗ ಗೊತ್ತಾತಲ್ಲ," ಅಂದಳು ಅಕ್ಕ.

"ನನಗ ಅವತ್ತ ಗೊತ್ತಾತು. ನೀ ಕಿಡಿ ಹತ್ತಿಸಿದ ಕೂಡ್ಲೆ ಗೊತ್ತಾತು. ಕೆಳಗ ಇಟ್ಟಮ್ಯಾಲ ಟಿಣ್ ಅಂತು. ಅದನ್ನೂ ಕೇಳಿದ್ನಿ."

ಅಕ್ಕ ಅವರ ಕಡೆ ತಿರುಗಿದಳು. "ಕೇಳಿ?"

"ಸುಮ್ನ ಕುಂತ್ನಿ."

ಅಕ್ಕ ಅಳುತ್ತಾಳೆ ಅಥವಾ ಬೈಯುತ್ತಾಳೆ ಎಂದು ಕಾದೆ. ಎರಡೂ ಮಾಡಲಿಲ್ಲ. ತನ್ನ ಮೊಣಕೈಯನ್ನು ಬಿಡಿಸಿಕೊಳ್ಳಲೂ ಇಲ್ಲ. ಗೋಡೆಯ ಮೇಲಿನ ಔಷಧದ ಜಾಹೀರಾತೊಂದನ್ನು ನೋಡುತ್ತ ಕೂತಳು.

ಬಾಗಿಲು ತೆರೆದ ಮೇಲೆ ಮಾಮಾ ನನ್ನ ಹೆಗಲು ಹಿಡಿದು ಫಕ್ಕೀರಪ್ಪನ ಮಂಚದವರೆಗೆ ಹೋಗಿ ಅವನಿಗೂ ಅದನ್ನೇ ಹೇಳಿದರು. ನನಗೆ ಕೇಳಿಸಿತ್ತು, ಹೇಳಲಿಲ್ಲ, ಆಕಿದು ತಪ್ಪಲ್ಲ, ಎಂದು. ಅವನು ಬ್ಯಾಂಡೇಜು ಸುತ್ತಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು ಕೇಳಿದ. ಆ ದೊಡ್ಡ ದನಿ ಎಲ್ಲಿ ಹೋಗಿತ್ತೋ. "ಗಾಲಿ ಹಳೇದಿತ್ತಣ್ಣ. ಹೊಸಾದು ಹಾಕಬೇಕಿತ್ತು ನಾ," ಅಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಕ್ಷಮಿಸಿದನೋ, ಮಾತು ಸಾಕೆಂದನೋ, ತಿಳಿಯಲಿಲ್ಲ. ಅಕ್ಕ ತಂದಿದ್ದ ರೊಟ್ಟಿಯ ಗಂಟನ್ನು ಅವನ ಹೆಂಡತಿಯ ಕೈಗೆ ಕೊಟ್ಟಳು. ಆಸ್ಪತ್ರೆಯ ಖರ್ಚಿನ ಸಂಗತಿ ಅವರವರಲ್ಲೇ ತೀರಿತು, ಅದನ್ನು ಇಲ್ಲಿ ಎತ್ತುವುದಿಲ್ಲ.

ಊರಿನಲ್ಲಿ ಮಾತು ಹಬ್ಬಿತು. ಹೆಣ್ಣುಮಗಳ ಕೈಯಲ್ಲಿ ಬೆಸೆಸಿದರೆ ಇನ್ನೇನಾಗುತ್ತದೆ ಎಂದರು. ಮಾಮಾ ಸುಮ್ಮನಿರಲಿಲ್ಲ. ಬೆಳಗಾದರೆ ಕೋಲು ಹಿಡಿದು ಚಹಾದಂಗಡಿಗೆ ಹೋಗಿ, ಯಾರು ಕೂತಿದ್ದಾರೆಂದು ಕಾಣದಿದ್ದರೂ, "ತಪ್ಪು ಆಕಿದಲ್ಲರಿ. ಕೇಳಿ ಸುಮ್ನ ಕುಂತಾಂವ ನಾನು," ಎಂದು ಎಲ್ಲರಿಗೂ ಹೇಳುತ್ತಿದ್ದರು. ಮೊದಲು ಜನ ಸಮಾಧಾನ ಮಾಡಿದರು. ಆಮೇಲೆ ಅವರು ಬರುವುದನ್ನು ಕಂಡು ಎದ್ದು ಹೋಗತೊಡಗಿದರು. ಒಮ್ಮೆ ನಾನು ಹೋದಾಗ ಆ ಅಂಗಡಿಯ ಖಾಲಿ ಬೆಂಚುಗಳಿಗೆ ಅವರು ಅದೇ ಮಾತನ್ನು ಹೇಳುತ್ತಿದ್ದರು. ನಾನು ಕೈ ಹಿಡಿದು ಕರೆದುಕೊಂಡು ಬಂದೆ.

ಕೆಲಸ ನಿಧಾನವಾಗಿ ತಿರುಗಿ ಬಂತು. ಹತ್ತಿರದಲ್ಲಿ ಬೇರೆ ಅಂಗಡಿ ಇರಲಿಲ್ಲ ಎಂಬುದೂ ಅದಕ್ಕೆ ಕಾರಣ. ಮಾಮಾ ಮತ್ತೆ ಪಕ್ಕದಲ್ಲಿ ಕೂತು ಹೇಳತೊಡಗಿದರು, ಆದರೆ ಅದು ಮೊದಲಿನ ಹೇಳುವಿಕೆ ಆಗಿರಲಿಲ್ಲ. ಅವರಿಗೆ ಎಲ್ಲ ಸದ್ದೂ ಬಿರುಕಿನ ಸದ್ದಾಗಿ ಕೇಳುತ್ತಿತ್ತು. ಗೇಟಿನ ಸರಳಿಗೂ "ನಿಲ್ಲಿಸು, ಟಿಣ್ ಅಂತು," ಅನ್ನುತ್ತಿದ್ದರು. ಅದು ಟಿಣ್ ಅಂದಿಲ್ಲವೆಂಬುದು ಅಕ್ಕನಿಗೆ ಗೊತ್ತಿರುತ್ತಿತ್ತು. ಆದರೂ ನಿಲ್ಲಿಸಿ, ಕಡ್ಡಿ ಬದಲಿಸಿ, ಮೊದಲಿನಿಂದ ಮಾಡುತ್ತಿದ್ದಳು. ಒಂದು ದಿನವೂ ಇಲ್ಲ ಅನ್ನಲಿಲ್ಲ. ನಾನು ನೋಡಲಾರದೆ ಒಮ್ಮೆ, "ಅಕ್ಕಾ, ಯಾಕ ಇಷ್ಟ?" ಅಂದೆ. ಅವಳು ಸುತ್ತಿಗೆಯಿಂದ ಬೆಸುಗೆಯ ಮೇಲಿನ ಕಿಟ್ಟ ಉದುರಿಸುತ್ತ, "ಹೇಳಾಕತ್ತಾರಲ್ಲ, ಹೇಳಲಿ," ಅಂದಳು.

ಅವರು ತೀರಿದ್ದು ಚಳಿಗಾಲದಲ್ಲಿ, ಎದೆಯಲ್ಲಿ ಕಫ ಕಟ್ಟಿ. ಮಣ್ಣಿಗೆ ಫಕ್ಕೀರಪ್ಪ ಬಂದಿದ್ದ. ಹಿಂದೆ, ಬೇವಿನ ಮರದ ಕೆಳಗೆ ಬಲಗೈಯನ್ನು ಟವಲಿನಲ್ಲಿ ಮುಚ್ಚಿಕೊಂಡು ನಿಂತಿದ್ದ. ಎಲ್ಲರೂ ಮಣ್ಣು ಹಾಕಿ ಸರಿದ ಮೇಲೆ ಅವನು ಮುಂದೆ ಬಂದ. ಎಡಗೈ ಚಾಚಿದವನು ಏನೋ ನೆನೆದು ಹಿಂದೆಳೆದುಕೊಂಡ. ಟವಲು ತೆಗೆದು, ಆ ಬಲಗೈಯಿಂದಲೇ, ಹೆಬ್ಬೆರಳು ಮತ್ತು ಅಂಗೈಯ ನಡುವೆ ನಿಂತಷ್ಟು ಮಣ್ಣನ್ನು ಹಾಕಿದ. ಅಕ್ಕ ಅದನ್ನು ನೋಡಿದಳು. ಅವತ್ತು ಅವಳು ಗಟ್ಟಿಯಾಗಿ ಅತ್ತದ್ದು ಅದೊಂದೇ ಸಲ.

ನೆಂಟರು ಹೋದ ಮೇಲೆ ಮಗಳು ಹಿರೇಕೆರೂರಿಗೆ ಕರೆದೊಯ್ಯಲು ಅವ್ವನ ಸೀರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಅಕ್ಕ ಶೆಡ್ಡಿನ ಹೊಸ್ತಿಲ ಮೇಲೆ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವಳು ಬೇರೆ ಯಾರಿಗೋ ಹೇಳುವಂತೆ ಹೇಳಿದಳು.

"ತಮ್ಮಾ, ಆ ಗಾಲಿ ಟಿಣ್ ಅಂದದ್ದು ನನಗೂ ಕೇಳಿಸಿತ್ತು."

ನಾನು ಅವಳ ಮುಖ ನೋಡಿದೆ.

"ಕೇಳಿಸ್ತು. ಕೈಯಾಗಿಂದ ಸುತಗಿ ಕೆಳಗಿಟ್ಟು ಇವರ ಕಡೆ ನೋಡಿದ್ನಿ. ಇವರು ಸುಮ್ನ ಕುಂತಿದ್ರು. ಬೀಡಿದ್ದಿದ್ರ ಇವರು ಹೇಳದ ಇರ್ತಿದ್ದಿಲ್ಲ ಅಂತ ತಿಳಕೊಂಡ್ನಿ. ಎಷ್ಟ ಸಿಟ್ಟಿದ್ರೂ ಹೇಳ್ತಿದ್ರು ಅಂತ."

"ಮಾಮಾಗ ಇದನ್ನ ಹೇಳಿದ್ದೇನು?"

ಅವಳು ತಲೆಯಾಡಿಸಿದಳು. "ಹೇಳಿದ್ರ, ನನ್ನ ನಂಬಿ ಆಕಿ ಕೆಟ್ಳು ಅಂತ ಮತ್ತಷ್ಟು ಕೊರಗ್ತಾರ ಅಂದಕೊಂಡ್ನಿ. ಒಮ್ಮೊಮ್ಮೆ ಅನಸ್ತಿತ್ತು, ಹೇಳಿದ್ರ ಅರ್ಧ ಭಾರ ನನಗ ಬರ್ತೈತಿ, ಅವರಿಗೆ ಹಗುರ ಆಗ್ತೈತಿ ಅಂತ. ಯಾವ್ದು ಖರೇ ಅಂತ ತಿಳೀಲಿಲ್ಲ. ಇವತ್ತು ಹೇಳೋಣು, ನಾಳೆ ಹೇಳೋಣು ಅನಕೊಂತ ಅವರು ಹ್ವಾದ್ರು."

ಒಳಗಿನಿಂದ ಮಗಳು ಯಾವುದೋ ಸೀರೆಯ ಬಗ್ಗೆ ಕೂಗಿ ಕೇಳಿದಳು. ಅಕ್ಕ, "ಅದನ್ನ ತೆಗದ ಇಡವ್ವಾ, ನಾ ಬರೂದಿಲ್ಲ," ಅಂದಳು. ಹೋಗಲೂ ಇಲ್ಲ.

ಇದನ್ನೆಲ್ಲ ಹೆಂಡತಿಗೆ ಹೇಳಿದ್ದೆನೋ ಇಲ್ಲವೋ ನೆನಪಿಲ್ಲ. ಹೋದ ವಾರ ಆ ಹೊಗೆ ಪಡಸಾಲೆಯಲ್ಲಿ ತುಂಬಿದಾಗ ಹೇಳಿದೆ. ಅವಳು ಮೂಗಿನಿಂದ ಸೆರಗು ತೆಗೆದು ಕೇಳಿದಳು, ಆಮೇಲೆ, "ನಾಳೆ ಹೋಗಿ ಅಕ್ಕನ ಮಾತಾಡಿಸ್ಕೊಂಡ ಬರ್ರಿ," ಅಂದಳು. ಮರುದಿನ ಟಿಕೆಟ್ಟು ತೆಗೆಸಿಕೊಂಡು ಪ್ರಯಾಣಿಕನಾಗಿ ಸವಣೂರಿಗೆ ಹೋದೆ. ಬೇರೆಯವನು ಸೀಟಿ ಊದುವಾಗ ಕೂತಿರುವುದು ನನಗೆ ಇನ್ನೂ ರೂಢಿಯಾಗಿಲ್ಲ.

ಅಕ್ಕನ ತಲೆ ಪೂರ್ತಿ ಬೆಳ್ಳಗಾಗಿದೆ. ಕಪ್ಪು ಗಾಜಿನ ಒಳಗೆ ಈಗ ಓದುವ ಕನ್ನಡಕವನ್ನೂ ಹಾಕಿಕೊಳ್ಳುತ್ತಾಳೆ. ನಾನು ಹೋದಾಗ ಖಾನಾವಳಿಯವರ ಸ್ಟೀಲಿನ ದೊಡ್ಡ ಪಾತ್ರೆಗೆ ಕಬ್ಬಿಣದ ಕಾಲು ಕೂಡಿಸುವ ಕೆಲಸ ಎದುರಿಗಿತ್ತು. ಎರಡು ಬೇರೆ ಜಾತಿಯ ಲೋಹ, ಸಾದಾ ಕಡ್ಡಿ ನಡೆಯುವುದಿಲ್ಲ, ಬರೀ ಸ್ಟೀಲಿನ ಕಡ್ಡಿಯೂ ಸಾಲುವುದಿಲ್ಲ. ಕಡ್ಡಿಗಳನ್ನು ಎತ್ತಿ ನೋಡಿ ಇಡುತ್ತಿದ್ದವಳು ಕೊನೆಗೆ ಒಂದನ್ನು ಹೋಲ್ಡರಿಗೆ ಸಿಕ್ಕಿಸಿದಳು. "ಕುಂಡ್ರು," ಅಂದಳು. ಸ್ಟೂಲಿನ ಮೇಲೆ ಕೂತೆ. ಕಿಡಿ ಹತ್ತಿತು. ಒಂದು ಬೆರಳಗಲ ಬೆಸೆದು, ಗಾಜು ಇಳಿಸಿ ನನ್ನ ಕಡೆ ನೋಡಿದಳು.

"ಹೆಂಗ ಕೇಳಿಸ್ತು?"

ಚಲೋ ಕೇಳಿಸ್ತು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಜನರನ್ನು ಸಮಾಧಾನ ಮಾಡಿ ಮುಂದೆ ಕಳಿಸುವುದೇ ನನ್ನ ಉದ್ಯೋಗವಲ್ಲವೆ? ಅವಳ ಮುಖ ನೋಡಿ ಅದನ್ನು ನುಂಗಿದೆ. ಬೇರೆ ಮಾತು ಸಿಗದೆ ಕೂತೆ. ಅವಳು ಕಾಯುತ್ತಿದ್ದಳು.

"ನನಗ ತಿಳೀಲಿಲ್ಲ ಅಕ್ಕಾ," ಅಂದೆ.

"ತಿಳೀಲಿಲ್ಲ ಅಂತನ ಹೇಳು. ಸುಮ್ನ ಕುಂಡ್ರಬ್ಯಾಡ," ಅಂದಳು.

ಮತ್ತೆ ಗಾಜು ಮುಖಕ್ಕೆ ಹಿಡಿದಳು. ನಾನು ಸ್ಟೂಲನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು, ಬೆಳಕು ತಾಕದಂತೆ ಕಣ್ಣು ಮುಚ್ಚಿದೆ.